ಕ್ಷಯರೋಗದ ಖಾತೆಪುಸ್ತಕ

ವಸೂಲಾಗಬೇಕಾದ ಪ್ರತಿಯೊಂದು ಬಾಕಿಗೂ ಖಾತೆಯಲ್ಲಿ ಒಂದು ನಮೂದಿರುತ್ತದೆ. ಆ ಬಾಕಿ ಕಡೆಗೆ ಏನಾಯಿತೆಂಬುದಕ್ಕೆ ಮತ್ತೊಂದು ನಮೂದು ಇರಲೇಬೇಕು. ವರ್ತಕ ಬಾಂಧವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ಷಯರೋಗದ ಕಣ್ಗಾವಲು ವ್ಯವಸ್ಥೆಯೂ ಇದೇ ತತ್ತ್ವದ ಮೇಲೆ ನಿಂತಿದೆ.

ಮೊದಲ ನಮೂದು ಪ್ರಕರಣದ ನೋಂದಣಿ. 2012ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಖಾಸಗಿ ವೈದ್ಯರೂ ಸೇರಿದಂತೆ ಚಿಕಿತ್ಸೆ ನೀಡುವವರೆಲ್ಲರೂ ಪ್ರತಿಯೊಂದು ಪ್ರಕರಣವನ್ನು ವರದಿ ಮಾಡತಕ್ಕದ್ದೆಂದು ಆದೇಶಿಸಿತು. 2018ರ ಮಾರ್ಚ್ ಅಧಿಸೂಚನೆಯು ಈ ಹೊಣೆಯನ್ನು ಔಷಧ ವ್ಯಾಪಾರಿಗಳಿಗೂ ವಿಸ್ತರಿಸಿತು. ವಿವರಗಳು 'ನಿಕ್ಷಯ್' ಎಂಬ ರಾಷ್ಟ್ರೀಯ ಗಣಕ ವ್ಯವಸ್ಥೆಯಲ್ಲಿ ಜಿಲ್ಲಾವಾರು ಕ್ರೋಡೀಕೃತವಾಗುತ್ತವೆ.

ಎರಡನೆಯ ನಮೂದು ಚಿಕಿತ್ಸೆಯ ಫಲಿತಾಂಶ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಅದರ ಕೊನೆಯಲ್ಲಿ ರೋಗಿ ಗುಣಮುಖನಾದನೇ, ಚಿಕಿತ್ಸೆ ಪೂರೈಸಿದನೇ, ಚಿಕಿತ್ಸೆ ವಿಫಲವಾಯಿತೇ, ಮರಣ ಹೊಂದಿದನೇ ಅಥವಾ ಸಂಪರ್ಕ ತಪ್ಪಿದನೇ ಎಂಬುದನ್ನು ದಾಖಲಿಸಬೇಕು. ನೋಂದಾಯಿತರಾದ 100 ಮಂದಿಯಲ್ಲಿ 80 ಮಂದಿ ಗುಣಮುಖರಾಗಿ ಅಥವಾ ಚಿಕಿತ್ಸೆ ಪೂರೈಸಿ, 12 ಮಂದಿ ಪತ್ತೆಯಿಲ್ಲದಿದ್ದರೆ ಯಶಸ್ಸು ಶೇಕಡ 80 ಮಾತ್ರ. ಪತ್ತೆಯಿಲ್ಲದವರನ್ನು ಕೈಬಿಟ್ಟು ಲೆಕ್ಕ ಹಾಕಿದರೆ ಅದು ಶೇಕಡ 91 ಎಂದು ತೋರುತ್ತದೆ. ಸಂಶಯಾಸ್ಪದ ಸಾಲಗಳನ್ನು ಮರೆಮಾಚಿದ ಆಸ್ತಿ-ಹೊಣೆ ತಖ್ತೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ಹಾಗೆಯೇ, ಒಂದು ಜಿಲ್ಲೆಯಲ್ಲಿ ಪ್ರಕರಣಗಳು ಕಡಿಮೆಯೆಂದ ಮಾತ್ರಕ್ಕೆ ಅಲ್ಲಿ ರೋಗ ಕಡಿಮೆಯೆಂದು ತೀರ್ಮಾನಿಸಲಾಗದು. ಅಲ್ಲಿ ಪರೀಕ್ಷೆಯೇ ಕಡಿಮೆಯಿರಬಹುದು. 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಜನರಿಗೆ ಕ್ಷಯ ತಗುಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು; ದಾಖಲಾದವರು ಸುಮಾರು 25.5 ಲಕ್ಷ. ಈ ಅಂತರದಲ್ಲಿರುವವರು ಅಂಕಿಗಳಲ್ಲ, ಚಿಕಿತ್ಸೆಯಿಲ್ಲದೆಯೋ ಲೆಕ್ಕಕ್ಕೆ ಸಿಗದೆಯೋ ಉಳಿದ ಮನುಷ್ಯರು.

ಅವರಲ್ಲಿ ನಮ್ಮ ಕಾರ್ಖಾನೆಗಳ ಕಾರ್ಮಿಕರೂ ಇರಬಹುದು. ಕೆಲಸ ಹೋದೀತೆಂಬ ಭಯದಿಂದ ಕೆಮ್ಮನ್ನು ಮುಚ್ಚಿಟ್ಟು, ಕಡೆಗೆ ಊರಿಗೆ ಹೊರಟವನು ಖಾತೆಯಿಂದಲೂ ಮರೆಯಾಗುತ್ತಾನೆ. ಅರ್ಧಕ್ಕೆ ನಿಂತ ಚಿಕಿತ್ಸೆಯು ಔಷಧಕ್ಕೆ ಬಗ್ಗದ ಕ್ಷಯಕ್ಕೆ ದಾರಿ ಮಾಡುತ್ತದೆ.

ಮಾಲೀಕರು ಮಾಡಬಹುದಾದದ್ದು ಹೆಚ್ಚು ವೆಚ್ಚದ ಕೆಲಸವಲ್ಲ. ಎರಡು ವಾರ ಮೀರಿದ ಕೆಮ್ಮಿದ್ದವರನ್ನು ಪರೀಕ್ಷೆಗೆ ಕಳುಹಿಸುವುದು. ವೈದ್ಯರ ಸಲಹೆಯಂತೆ ರಜೆ ನೀಡಿ, ಉದ್ಯೋಗ ಉಳಿಸುವ ಭರವಸೆ ಕೊಡುವುದು. ಊರಿಗೆ ಹೋಗುವವರ ನಿಕ್ಷಯ್ ದಾಖಲೆ ಅಲ್ಲಿನ ಕೇಂದ್ರಕ್ಕೆ ವರ್ಗವಾಗುವಂತೆ ನೋಡಿಕೊಳ್ಳುವುದು. ಇ.ಎಸ್.ಐ. ವ್ಯಾಪ್ತಿಯ ಅರ್ಹ ಕಾರ್ಮಿಕರಿಗೆ ಕ್ಷಯರೋಗದಲ್ಲಿ ವೇತನದ ಶೇಕಡ 80ರಷ್ಟು ವಿಸ್ತೃತ ಅನಾರೋಗ್ಯ ಭತ್ಯೆ ಗರಿಷ್ಠ ಎರಡು ವರ್ಷಗಳವರೆಗೆ ಲಭ್ಯ. ಪೌಷ್ಟಿಕ ಆಹಾರಕ್ಕಾಗಿ ಕೇಂದ್ರ ಸರ್ಕಾರ ನೀಡುವ ಮಾಸಿಕ ನೆರವು 2024ರ ನವೆಂಬರಿನಿಂದ ರೂ. 1,000 ಆಗಿದೆ.

ವಂತಿಗೆಯನ್ನು ಕ್ರಮವಾಗಿ ಕಟ್ಟುವ ಮಾಲೀಕರು ಈ ಸೌಲಭ್ಯಗಳನ್ನು ಕಾರ್ಮಿಕರಿಗೆ ತಿಳಿಸುವುದೂ ಅಷ್ಟೇ ಅಗತ್ಯ.