ಮರಳುಗಾಡಿನ ದಾರಿಗೆ ಏನೇನು ಕಟ್ಟಿಕೊಳ್ಳಬೇಕು?

ಗಲ್ಫಿನಲ್ಲಿ ಮಗನೋ ಮಗಳೋ ಅಳಿಯನೋ ಇಲ್ಲದ ಮನೆ ನಮ್ಮ ಕಾಸರಗೋಡಿನ ಕಡೆ ಕಡಿಮೆ. ಹಿಂದೆಲ್ಲ ಅವರು ಊರಿಗೆ ಬರುವುದನ್ನು ಕಾಯುತ್ತಿದ್ದೆವು. ಈಗ ನಾವೇ ಒಂದೆರಡು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿ ಬರುತ್ತೇವೆ. ಪೇಟೆ, ಸಮುದ್ರ ತೋರಿಸಿ ಮುಗಿದ ಮೇಲೆ ಮಕ್ಕಳು ಮರಳುಗಾಡಿಗೂ ಬೆಟ್ಟಕ್ಕೂ ಕರೆದುಕೊಂಡು ಹೋಗುತ್ತಾರೆ. ಹಾಗೆ ಹೊರಡುವವರಿಗೆ ಉಪಯೋಗಕ್ಕೆ ಬರಲಿ ಎಂದು ನಮ್ಮ ಓಮಾನ್ ಪ್ರಯಾಣದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಕಲಿತದ್ದು ಎನ್ನುವುದಕ್ಕಿಂತ, ಪೆಟ್ಟು ತಿಂದು ಕಲಿತದ್ದು ಎಂದರೆ ಸರಿಯಾದೀತು.

ನನ್ನ ಮಗ ಮಸ್ಕತ್‌ನಲ್ಲಿದ್ದಾನೆ, ಸೊಸೆ ಅಲ್ಲೇ ನರ್ಸ್. ಅಕ್ಟೋಬರ್ ಕೊನೆಯಲ್ಲಿ ಮೂರು ದಿನ ರಜೆ ಹೊಂದಿಸಿಕೊಂಡು ಎರಡು ಕುಟುಂಬಗಳು ಎರಡು ಗಾಡಿಗಳಲ್ಲಿ ಹೊರಟೆವು. ಮೊದಲು ಬಿದಿಯಾ ಊರಿನ ಪಕ್ಕದ ಶರ್ಕಿಯಾ ಮರಳುಗಾಡು, ಆಮೇಲೆ ಪುರಾತನ ನಗರ ನಿಜ್ವಾ, ಕೊನೆಗೆ ಜೆಬೆಲ್ ಶಮ್ಸ್. ಸುಮಾರು 3,000 ಮೀಟರ್ ಎತ್ತರದ ಈ ಪರ್ವತ ಓಮಾನ್‌ನಲ್ಲೇ ಎತ್ತರವಾದದ್ದು. ಅದರ ಮಗ್ಗುಲಲ್ಲಿ ಸುಮಾರು ಸಾವಿರ ಮೀಟರ್ ಆಳದ ಒಂದು ಕಮರಿ. ಕಮರಿಯ ಗೋಡೆಗೆ ಅಂಟಿಕೊಂಡಂತೆ ಹಳೆಯ ಕತ್ತೆದಾರಿಯೊಂದು ಸಾಗುತ್ತದೆ. ಜನ ಬಿಟ್ಟುಹೋದ ಒಂದು ಪುಟ್ಟ ಹಳ್ಳಿಯಲ್ಲಿ ಕೊನೆಯಾಗುತ್ತದೆ. ಹೋಗಿ ಬರಲು ಮೂರು ನಾಲ್ಕು ಗಂಟೆ.

ಬೆಳಿಗ್ಗೆ ನಡಿಗೆ ಶುರುವಾಗುವಾಗ ಸೊಸೆ ನನ್ನ ಕೈಗೆ ಎರಡು ಲೀಟರ್ ನೀರಿನ ಚೀಲ ಕೊಟ್ಟಳು. ಅಡಿಕೆ ತೋಟದಲ್ಲಿ ಗುಡ್ಡ ಹತ್ತಿ ಇಳಿದೇ ಅರುವತ್ತು ದಾಟಿದವನು ನಾನು. ತಂಪು ಗಾಳಿ ಬೇರೆ ಬೀಸುತ್ತಿತ್ತು. “ಇಷ್ಟು ಭಾರ ಯಾಕೆ ಮಗಳೇ?” ಎಂದು, ಯಾರಿಗೂ ಹೇಳದೆ ಚೀಲವನ್ನು ಗಾಡಿಯಲ್ಲೇ ಬಿಟ್ಟು ಅರ್ಧ ಲೀಟರಿನ ಬಾಟಲಿ ಮಾತ್ರ ಹಿಡಿದುಕೊಂಡೆ. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಹನ್ನೊಂದೂವರೆ ಗಂಟೆಯ ಬಿಸಿಲು, ಏರುದಾರಿ. ಮೊದಲು ತಲೆನೋವು, ಆಮೇಲೆ ಮೀನಖಂಡದಲ್ಲಿ ಸೆಳೆತ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಹಿಡಿದುಕೊಳ್ಳಲು ಬೇಲಿ ಇಲ್ಲ. ಅಂಥ ಕಡೆ ಕಾಲು ಹೇಳಿದ ಮಾತು ಕೇಳದಿದ್ದರೆ ಹೇಗಿರುತ್ತದೆ ಎಂದು ನೀವೇ ಯೋಚಿಸಿ. ಸೊಸೆ ನನ್ನನ್ನು ಬಂಡೆಯ ನೆರಳಿಗೆ ಕೂರಿಸಿ, ತನ್ನ ನೀರಿಗೆ ಓ.ಆರ್.ಎಸ್. ಪುಡಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. “ಮಾವ, ನೀರಿನ ಚೀಲ ಎಲ್ಲಿ?” ಎಂದು ಒಂದೇ ಮಾತು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಮುಕ್ಕಾಲು ಗಂಟೆ ಎಲ್ಲರೂ ನನಗಾಗಿ ಕಾದರು. ನನ್ನಿಂದಾಗಿ ಮೊಮ್ಮಗನ ಪಾಲಿನ ನೀರೂ ಕಡಿಮೆಯಾಯಿತಲ್ಲ ಎಂಬ ಸಂಕಟ ಸೆಳೆತಕ್ಕಿಂತ ದೊಡ್ಡದಾಗಿತ್ತು.

ನೀರು ಮತ್ತು ಉಪ್ಪು

ನಮ್ಮೂರಿನ ಸೆಖೆಯಲ್ಲಿ ಅಂಗಿ ಒದ್ದೆಯಾಗುವುದರಿಂದ ಬೆವರಿದ್ದು ಗೊತ್ತಾಗುತ್ತದೆ. ಮರಳುಗಾಡಿನ ಗಾಳಿ ಒಣಗಾಳಿ. ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿದ್ದರೂ ಒಳಗೆ ನೀರು ಕಡಿಮೆಯಾಗುತ್ತಲೇ ಇರುತ್ತದೆ. ನಾನು ಮೋಸಹೋದದ್ದು ಇಲ್ಲೇ. ಬಾಯಾರಿಕೆಯಾಗುವವರೆಗೆ ಕಾಯಬಾರದು. ದಿನಕ್ಕೆ ಒಬ್ಬರಿಗೆ ಕನಿಷ್ಠ ನಾಲ್ಕು ಲೀಟರ್ ಎಂದು ಲೆಕ್ಕ ಹಾಕಿ. ಬಿಸಿಲಿನಲ್ಲಿ ನಡೆಯುವುದಿದ್ದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಬೇಕಾಗಬಹುದು. ಗಾಡಿ ಕೆಟ್ಟರೆ ಇರಲಿ ಎಂದು ಒಂದು ದಿನದ ನೀರು ಹೆಚ್ಚಿಗೆ ಇರಲಿ. ಆದರೆ ಗಾಡಿಯಲ್ಲಿರುವ ನೀರು ಬೆಟ್ಟದಲ್ಲಿ ಪ್ರಯೋಜನಕ್ಕೆ ಬಾರದು. ನಡೆಯುವಾಗ ನೀರು ಬೆನ್ನ ಮೇಲೆಯೇ ಇರಬೇಕು.

ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೂ ಅಪಾಯವೇ. ತಲೆಗೆರಡು ಓ.ಆರ್.ಎಸ್. ಪೊಟ್ಟಣ ಇಟ್ಟುಕೊಳ್ಳಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚದ ಲೆಕ್ಕ. ಬಿ.ಪಿ., ಮೂತ್ರಪಿಂಡದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಲಿ. ಯಾರಾದರೂ ಬಿಸಿಲಿನಲ್ಲಿ ಅಸಂಬದ್ಧ ಮಾತಾಡತೊಡಗಿದರೆ ಅದು ಬರೀ ಆಯಾಸವಲ್ಲ. ನೆರಳಿಗೆ ಸರಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಕೂಡಲೇ ಸಹಾಯಕ್ಕೆ ಕರೆಯಬೇಕು. ಓಮಾನ್‌ನಲ್ಲಿ ತುರ್ತು ಸಂಖ್ಯೆ 9999.

ಉಡುಪು, ಪಾದರಕ್ಷೆ, ಬುತ್ತಿ

ಹಗಲಿಗೆ ಸಡಿಲವಾದ ತುಂಬುತೋಳಿನ ಅಂಗಿ, ಅಂಚು ಅಗಲವಾದ ಟೊಪ್ಪಿ. ತೋಟದಲ್ಲಿ ಮುಟ್ಟಾಳೆ ಇಟ್ಟುಕೊಳ್ಳುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಗಾಳಿಗೆ ಹಾರದಂತೆ ಗದ್ದಕ್ಕೆ ಕಟ್ಟುವ ದಾರ ಇರಲಿ. ಕೊಡೆ ಪ್ರಪಾತದ ಅಂಚಿನಲ್ಲಿ ಬೇಡ. ಮರಳು ಹಾರುವಾಗ ಮೂಗು ಬಾಯಿ ಮುಚ್ಚಲು ಒಂದು ಬೈರಾಸು ಸಾಕು.

ಮರಳುಗಾಡೆಂದರೆ ಬರೀ ಬಿಸಿ ಎಂದುಕೊಂಡು ಸ್ವೆಟರ್ ಬಿಟ್ಟುಹೋಗಬೇಡಿ. ಸೂರ್ಯ ಮುಳುಗಿದೊಡನೆ ಮರಳು ಬೇಗ ತಣಿಯುತ್ತದೆ. ಜೆಬೆಲ್ ಶಮ್ಸ್ ಮೇಲೆ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದುಂಟು. ಚಪ್ಪಲಿಯಲ್ಲಿ ಬೆಟ್ಟ ಹತ್ತಬೇಡಿ. ಹಿಡಿತವಿರುವ, ಮೊದಲೇ ಹಾಕಿ ಪಳಗಿದ ಶೂ ಬೇಕು. ಹೊಸ ಶೂ ಕಾಲು ಕಚ್ಚುತ್ತದೆ.

ತಿನ್ನಲು ಖರ್ಜೂರ, ಹುರಿಗಡಲೆ, ನೆಲಗಡಲೆ ಚಿಕ್ಕಿ, ನಮ್ಮೂರಿನ ಉಪ್ಪು ಹಾಕಿದ ಬಾಳೆಕಾಯಿ ಚಿಪ್ಸ್. ಇವು ಹಳಸುವುದಿಲ್ಲ. ತಿಂಡಿ ಬಿಚ್ಚುವಾಗ ಆಡುಗಳ ಮೇಲೆ ಕಣ್ಣಿರಲಿ! ಆ ಬೆಟ್ಟದ ಆಡುಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ.

ಗಾಡಿಗೆ

ಜೆಬೆಲ್ ಶಮ್ಸ್‌ನ ಕಡಿದಾದ ದಾರಿಗೂ ಮರಳಿಗೂ ಫೋರ್ ವೀಲ್ ಡ್ರೈವ್ ಗಾಡಿಯೇ ಆಗಬೇಕು. ಮರಳಿಗೆ ಇಳಿಯುವ ಮೊದಲು ಚಕ್ರದ ಗಾಳಿಯನ್ನು ಸುಮಾರು 35ರಿಂದ 15–18ಕ್ಕೆ ಇಳಿಸುತ್ತಾರೆ. ಟಯರ್ ಚಪ್ಪಟೆಯಾಗಿ ಅಗಲಕ್ಕೆ ಹರಡಿದರೆ ಹೂತುಹೋಗುವುದು ಕಡಿಮೆ. ಟಾರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಲೇಬೇಕು. ಅದಕ್ಕಾಗಿ ಗಾಳಿ ಅಳೆಯುವ ಮಾಪಕ, ಗಾಳಿ ಪಂಪು, ಹೆಚ್ಚುವರಿ ಚಕ್ರ, ಎಳೆಯುವ ಹಗ್ಗ, ಸಲಿಕೆ ಬೇಕು. ಒಂಟಿ ಗಾಡಿಯಲ್ಲಿ ಮರಳಿಗೆ ಇಳಿಯಬಾರದು. ಗಾಡಿ ಕೆಟ್ಟುನಿಂತರೆ ಅದನ್ನು ಬಿಟ್ಟು ನಡೆದುಹೋಗಬಾರದು. ಹುಡುಕಿ ಬರುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ, ನೆರಳೂ ಸಿಗುತ್ತದೆ. ಬೆಟ್ಟ ಇಳಿಯುವಾಗ ಚಿಕ್ಕ ಗೇರಿನಲ್ಲಿ ಇಳಿಯಿರಿ; ಬ್ರೇಕನ್ನೇ ಒತ್ತುತ್ತಾ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಮಳೆಯ ಭಯ

ಮರಳುಗಾಡಿನಲ್ಲಿ ಎಂಥ ಮಳೆ ಎಂದು ನಗಬೇಡಿ. ಅಲ್ಲಿ ‘ವಾದಿ’ ಎನ್ನುವ ಒಣ ಹೊಳೆಗಳಿವೆ. ದೂರದ ಬೆಟ್ಟದಲ್ಲಿ ಮಳೆ ಸುರಿದರೆ, ನಾವು ನಿಂತಲ್ಲಿ ಬಿಸಿಲಿದ್ದರೂ ಕ್ಷಣದಲ್ಲಿ ನೆರೆ ನುಗ್ಗುತ್ತದೆ. 2024ರ ಏಪ್ರಿಲ್‌ನಲ್ಲಿ ಇದೇ ಶರ್ಕಿಯಾ ಪ್ರದೇಶದಲ್ಲಿ ಶಾಲಾ ಮಕ್ಕಳಿದ್ದ ವಾಹನವೊಂದು ನೆರೆಯಲ್ಲಿ ಕೊಚ್ಚಿಹೋಗಿ ಮಕ್ಕಳು ತೀರಿಕೊಂಡರು. ಹೊರಡುವ ದಿನ ಹವಾಮಾನ ನೋಡಿಯೇ ಹೊರಡಿ. ವಾದಿಯ ಒಡಲಲ್ಲಿ ಡೇರೆ ಹಾಕಬೇಡಿ. ಹರಿಯುವ ವಾದಿಗೆ ಗಾಡಿ ಇಳಿಸುವುದು ಅಲ್ಲಿ ಶಿಕ್ಷಾರ್ಹ ಅಪರಾಧ ಕೂಡ.

ಚೀಲ ಮುಚ್ಚುವ ಮೊದಲು

* ದಿನವೂ ತೆಗೆದುಕೊಳ್ಳುವ ಮಾತ್ರೆಗಳು, ವೈದ್ಯರ ಚೀಟಿಯೊಂದಿಗೆ. ನಮ್ಮಲ್ಲಿ ಸಿಗುವ ಕೆಲವು ನೋವಿನ ಮಾತ್ರೆಗಳಿಗೆ ಗಲ್ಫಿನಲ್ಲಿ ನಿರ್ಬಂಧವಿದೆ, ಕೇಳಿಯೇ ಒಯ್ಯಿರಿ.
* ಟಾರ್ಚ್, ಸೀಟಿ, ಪವರ್ ಬ್ಯಾಂಕ್. ಕಮರಿಗಳಲ್ಲಿ ಮೊಬೈಲ್ ಸಿಗದಿರಬಹುದು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.
* ಬ್ಯಾಂಡೇಜ್, ಮುಳ್ಳು ತೆಗೆಯುವ ಚಿಮುಟ.
* ಕಸ ವಾಪಸು ತರಲು ಒಂದು ಖಾಲಿ ಚೀಲ.
* ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಬರೆದ ಚೀಟಿ ಮನೆಯಲ್ಲಿರುವವರ ಕೈಯಲ್ಲಿ.

ನಮ್ಮ ವಾಳೆಯ ದಂಪತಿಯೊಬ್ಬರು ಈ ಡಿಸೆಂಬರಿನಲ್ಲಿ ಮಗಳ ಮನೆಗೆ ಮಸ್ಕತ್‌ಗೆ ಹೊರಟಿದ್ದಾರೆ. ಏನು ಕಟ್ಟಿಕೊಳ್ಳಲಿ ಎಂದು ಕೇಳಿದರು. ಹಪ್ಪಳ ಉಪ್ಪಿನಕಾಯಿಯ ಜೊತೆ ಹತ್ತು ಪೊಟ್ಟಣ ಓ.ಆರ್.ಎಸ್. ಕಟ್ಟಿಕೊಳ್ಳಿ ಎಂದೆ. ಇನ್ನೊಂದು ಮಾತೂ ಹೇಳಿದೆ: ಬೆಟ್ಟದ ಬುಡದಲ್ಲಿ ಮಕ್ಕಳು ನೀರಿನ ಚೀಲ ಕೊಟ್ಟರೆ ಮರುಮಾತಿಲ್ಲದೆ ಹೆಗಲಿಗೇರಿಸಿ. ಇಷ್ಟು ವರ್ಷ ಅವರಿಗೆ ಬುದ್ಧಿ ಹೇಳಿದವರು ನಾವು. ಆ ಊರಿನಲ್ಲಿ ಹೇಳಿದ್ದನ್ನು ಕೇಳಬೇಕಾದವರೂ ನಾವೇ.