ತಲಪರಿಗೆ ಸೀಮೆಯ ಕೈತೋಟ

ಬೆಂಗಳೂರಿನ ಲಾಲ್‌ಬಾಗಿಗೆ ಶಿರಾ ಮಾದರಿಯಾಗಿದ್ದಿರಬಹುದು ಎಂದರೆ ಇವತ್ತು ಶಿರಾದವರೇ ನಂಬಲಿಕ್ಕಿಲ್ಲ. ಮೊಘಲ್ ಸುಬೇದಾರರ ಕೇಂದ್ರವಾಗಿದ್ದ ಆ ಊರಿನಲ್ಲಿ ದಿಲಾವರ್ ಖಾನ್ ‘ಖಾನ್ ಬಾಗ್’ ಎಂಬ ಉದ್ಯಾನ ಮಾಡಿಸಿದ್ದ. 1760ರಲ್ಲಿ ಲಾಲ್‌ಬಾಗ್ ಶುರು ಮಾಡಿದ ಹೈದರಾಲಿಯ ಕಣ್ಣ ಮುಂದೆ ಇದ್ದದ್ದು ಇದೇ ತೋಟವಿರಬೇಕು ಎಂಬ ಮಾತು ಹಳೆಯ ಮೈಸೂರು ಗೆಜೆಟಿಯರ್‌ನಲ್ಲೂ ಬರುತ್ತದೆ. ಈಗ ಗಾಳಿ ತಿರುಗಿದೆ. ಹೆದ್ದಾರಿ ಬದಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು ತೋಟದ ಮಾದರಿಯನ್ನು ಬೆಂಗಳೂರಿನಿಂದ ತರುತ್ತಾರೆ: ಗೇಟಿನಿಂದ ಬಾಗಿಲವರೆಗೆ ಮೆಕ್ಸಿಕನ್ ಹುಲ್ಲು, ಅಂಚಿಗೆ ನಾಲ್ಕು ಪಾಮ್ ಗಿಡ.

ಆ ಹುಲ್ಲಿನ ಲೆಕ್ಕ ಸ್ವಲ್ಪ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಕಡುಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಬೇಕಾದರೆ ದಿನಕ್ಕೆ 5 ಮಿ.ಮೀ. ಆದರೂ ಉಣಿಸಬೇಕು. ಸಾವಿರ ಚದರಡಿ ಹುಲ್ಲೆಂದರೆ ಸುಮಾರು 93 ಚದರ ಮೀಟರ್. ದಿನಕ್ಕೆ 465 ಲೀಟರ್, ತಿಂಗಳಿಗೆ ಹತ್ತಿರ ಹತ್ತಿರ 14 ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಮೂರು ಸಲ ಬರಬೇಕು, ಅದೂ ನೋಡಿ ಖುಷಿಪಡುವುದಕ್ಕೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯೇ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟವರಿಗೆ 5,000 ರೂಪಾಯಿ ದಂಡ ಎಂದು ಸಾರಿತು. ಕಾವೇರಿ ನೀರು ಕುಡಿಯುವ ಊರಿನ ಪಾಡೇ ಇದಾದರೆ ಮಧುಗಿರಿ, ಪಾವಗಡದವರು ಅದೇ ಹುಲ್ಲಿಗೆ ಆಸೆಪಡುವುದು ದುಬಾರಿ ಹುಚ್ಚು.

ಈ ಸೀಮೆಗೆ ನೀರಿನ ವಿವೇಕ ಹೊರಗಿನಿಂದ ಬರಬೇಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳಬರಿಗೆ ತಲಪರಿಗೆ ಗೊತ್ತು. ಹಳ್ಳದ ಬದಿಯಲ್ಲೋ ಕೆರೆಯ ಹಿಂದೆಯೋ, ಮರಳು ನೆಲದ ಕೆಲವೇ ಅಡಿ ಕೆಳಗೆ ಜಿನುಗುವ ಒರತೆ ಅದು. ಅಲ್ಲಿ ಗುಂಡಿ ತೋಡಿ, ಕಲ್ಲು ಕಟ್ಟಿ, ಕಾಲುವೆ ತೆಗೆದರೆ ನೀರು ತಾನಾಗಿಯೇ ಹರಿದು ತೋಟ, ಗದ್ದೆ ಮುಟ್ಟುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ಹೂಳು ತೆಗೆಯುವುದೂ ನೀರು ಹಂಚಿಕೊಳ್ಳುವುದೂ ಊರವರದೇ ಕೆಲಸ. ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಈ ಭಾಗದಲ್ಲಿ ಓಡಾಡಿ ತಲಪರಿಗೆಗಳನ್ನು ದಾಖಲಿಸಿದ್ದಾರೆ. ಕೊಳವೆಬಾವಿ ಆಳಕ್ಕಿಳಿದಂತೆ, ಹಳ್ಳಗಳ ಮರಳು ಲಾರಿ ಹತ್ತಿದಂತೆ ಬಹಳಷ್ಟು ತಲಪರಿಗೆಗಳು ಬತ್ತಿದವು. ಅವುಗಳ ಹಿಂದಿದ್ದ ಕ್ರಮ ಮಾತ್ರ ಮನೆಯಂಗಳಕ್ಕೂ ಸಲ್ಲುತ್ತದೆ: ಮೊದಲು ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಹರಿಯುತ್ತದೆ ಎಂದು ನೋಡುವುದು, ಗಿಡದ ಮಾತು ಆಮೇಲೆ.

ಹಾಗೆ ನೋಡಿದವರಿಗೆ ಮೊದಲು ಕಾಣುವುದು ಮಡಿಯ ಎತ್ತರ. ಯೂಟ್ಯೂಬ್ ನೋಡಿ ಏರುಮಡಿ ಮಾಡುವವರೇ ಹೆಚ್ಚು. ಮಲೆನಾಡಿನಲ್ಲಿ, ಬೇರು ಕೊಳೆಯುವಷ್ಟು ಮಳೆ ಬೀಳುವ ಕಡೆ ಅದು ಸರಿ. ವರ್ಷಕ್ಕೆ ಐದಾರು ನೂರು ಮಿ.ಮೀ. ಮಳೆಯ ಕೆಂಪು ಮರಳುಮಣ್ಣಿನಲ್ಲಿ ಏರುಮಡಿ ಬೇಗ ಒಣಗುತ್ತದೆ. ಇಲ್ಲಿಗೆ ಬೇಕಾದದ್ದು ತಗ್ಗುಮಡಿ. ಓಡಾಡುವ ದಾರಿಗಿಂತ ನಾಲ್ಕಾರು ಅಂಗುಲ ಕೆಳಗೆ ಮಡಿ ಮಾಡಿದರೆ ದಾರಿಯ ಮೇಲೆ ಬಿದ್ದ ಮಳೆಯೂ ಗಿಡದ ಬುಡಕ್ಕೇ ಬರುತ್ತದೆ. ಮೊಘಲ್ ತೋಟಗಳಲ್ಲೂ ನಡಿಗೆಯ ದಾರಿ ಮೇಲೆ, ಗಿಡದ ಪಾತಿ ಕೆಳಗೆ.

ಮಡಿಯ ಮೇಲೆ ಮುಚ್ಚಿಗೆ ಬೇಕೇ ಬೇಕು. ಶಿರಾ, ಪಾವಗಡ ಕಡಲೆಕಾಯಿ ಬೆಳೆಯುವ ನೆಲ. ಕಾಯಿ ಬಿಡಿಸಿದ ಸಿಪ್ಪೆಯನ್ನು ಮೂರಂಗುಲ ದಪ್ಪ ಹರಡಿದರೆ ಸಾಕು. ತೆಂಗಿನ ಮಟ್ಟೆಯನ್ನು ಬೋರಲು ಹಾಕಿ ಬುಡದ ಸುತ್ತ ಹೂತರೂ ಆದೀತು. ಪಾವಗಡದ ತಿರುಮಣಿಯ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್ ವಿದ್ಯುತ್ ತೆಗೆಯುವುದು ಯಾವ ಬಿಸಿಲಿನಿಂದಲೋ ಅದೇ ಬಿಸಿಲು ಬೋಳು ನೆಲದ ತೇವವನ್ನೂ ಎಳೆದುಕೊಳ್ಳುತ್ತದೆ.

ಅದಕ್ಕಿಂತ ಚೆಂದದ ಉಪಾಯ ಮಡಕೆಯದು. ಬಣ್ಣ ಹಚ್ಚದ, ಹೊಳಪಿಲ್ಲದ ಐದು ಲೀಟರಿನ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂಳಬೇಕು. ಬಾಯಿಗೆ ಚಪ್ಪಡಿ ಕಲ್ಲು ಮುಚ್ಚದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಸುತ್ತ ಒಂದಡಿಯೊಳಗೆ ಬದನೆ, ಟೊಮೆಟೊ, ಸೋರೆ ನೆಡಬಹುದು. ಮಣ್ಣು ಒಣಗಿದಾಗ ಮಡಕೆ ಜಿನುಗುತ್ತದೆ, ಹಸಿಯಾದಾಗ ಜಿನುಗು ತಗ್ಗುತ್ತದೆ. ಗಿಡದ ಬೇರು ಹುಡುಕಿಕೊಂಡು ಬಂದು ಮಡಕೆಯನ್ನೇ ಅಪ್ಪಿಕೊಂಡಿರುತ್ತದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಕೃಷಿಗ್ರಂಥವೊಂದರಲ್ಲಿ ದಾಖಲಾದ ಪದ್ಧತಿ ಇದು. ಒಂದು ಎಚ್ಚರಿಕೆ: ಈ ಭಾಗದ ಬೋರ್ ನೀರು ಗಡುಸು. ಒಂದೆರಡು ವರ್ಷಕ್ಕೆ ಉಪ್ಪು ಕಟ್ಟಿ ಮಡಕೆಯ ರಂಧ್ರಗಳು ಮುಚ್ಚಿಹೋಗುತ್ತವೆ. ಆಗ ಹೊಸ ಮಡಕೆ ಇಡಬೇಕಾಗುತ್ತದೆ.

ಗಡುಸಿನ ಜೊತೆಗೆ ಪಾವಗಡದ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಹಲ್ಲು, ಮೂಳೆಗೆ ಅದು ಮಾಡುವ ಹಾನಿ ಜನಕ್ಕೆ ಗೊತ್ತು. ಕುಂಡದಲ್ಲಿಟ್ಟ ಸ್ಪೈಡರ್ ಪ್ಲಾಂಟ್, ಡ್ರಸೀನಾಗಳ ಎಲೆಯ ತುದಿ ಕಂದಾಗಿ ಸುಟ್ಟಂತಾಗುವುದಕ್ಕೂ ಅದು ಕಾರಣವಾಗಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ನೀರು ಕಡಿಮೆಯಾಯಿತೆಂದು ಇನ್ನೊಂದು ಚೊಂಬು ಸುರಿದರೆ ಗಿಡ ಮತ್ತೂ ಕೆಡುತ್ತದೆ. ಇಂಥವಕ್ಕೆ ಮಳೆನೀರೇ ಮದ್ದು. ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಇನ್ನೂ ದಟ್ಟ. ಅದನ್ನು ನೆಲ ಒರೆಸಲು ಬಳಸಲಿ, ಪ್ರತಿದಿನ ಗಿಡಕ್ಕೆ ಹಾಕುವುದು ಬೇಡ. ಬಚ್ಚಲ ನೀರಿಗೆ ಹಳೆಯ ಮನೆಗಳ ಹಿತ್ತಲಲ್ಲಿ ಇದ್ದ ವ್ಯವಸ್ಥೆಯೇ ಸರಿ: ಅದು ಹರಿದು ಬಾಳೆ, ಕಾಬಾಳೆ, ತೆಂಗಿನ ಬುಡಕ್ಕೆ ಹೋಗಲಿ, ಸೊಪ್ಪಿನ ಮಡಿಗೆ ಬೇಡ.

ಮಳೆನೀರು ಎಲ್ಲಿದೆ ಎಂದು ಕೇಳುವವರು ತಲೆಯೆತ್ತಿ ತಾರಸಿ ನೋಡಬೇಕು. ಸಾವಿರ ಚದರಡಿ ತಾರಸಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 46 ಸಾವಿರ ಲೀಟರ್. ಆವಿ, ಸೋರಿಕೆ ಕಳೆದರೂ 37 ಸಾವಿರ ಉಳಿದೀತು. ಬೆಂಗಳೂರಿನ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಅವರ ‘ಸೌರಭ’ ಮನೆ 1990ರ ದಶಕದಿಂದ ಮಳೆನೀರಿನಲ್ಲೇ ಸಂಸಾರ ನಡೆಸಿದೆ. ಅಷ್ಟಾಗದಿದ್ದರೂ ಪೈಪನ್ನು ಚರಂಡಿಯಿಂದ ತಪ್ಪಿಸಿ ತಗ್ಗುಮಡಿಗೆ ತಿರುಗಿಸುವುದು ಪ್ಲಂಬರ್‌ಗೆ ಅರ್ಧ ದಿನದ ಕೆಲಸ.

ಇನ್ನು ಗಿಡಗಳು. ನೀರಿಲ್ಲದ ತೋಟ ಎಂದರೆ ಕಳ್ಳಿ, ಜಲ್ಲಿಕಲ್ಲು ಎಂಬ ಕಲ್ಪನೆ ಅಮೆರಿಕದ ಚಿತ್ರಗಳಿಂದ ಬಂದದ್ದು. 1981ರಲ್ಲಿ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ ಮಿತನೀರಿನ ತೋಟಕ್ಕೆ ‘ಜೆರಿಸ್ಕೇಪ್’ ಎಂದು ಹೆಸರಿಟ್ಟಿತು. ನಮ್ಮ ನೆಲಕ್ಕೆ ಬಣ್ಣದ ಬಡತನವಿಲ್ಲ. ರಸ್ತೆ ಬದಿಯಲ್ಲಿ ಯಾರೂ ನೀರು ಹಾಕದೆ ಹಳದಿ ಹೂ ಬಿಡುವ ತಂಗಡಿಯನ್ನು ಅಂಗಳಕ್ಕೆ ತಂದವರು ಕಡಿಮೆ. ಕಕ್ಕೆ, ನಂದಿಬಟ್ಟಲು, ನಿತ್ಯಪುಷ್ಪ, ಕಾಗದದ ಹೂ, ತಿನ್ನಲು ಸೀತಾಫಲ, ದಾಳಿಂಬೆ, ನುಗ್ಗೆ, ಕರಿಬೇವು ಎಲ್ಲವೂ ಒಮ್ಮೆ ಬೇರೂರಿದರೆ ಕಡಿಮೆ ನೀರಿಗೆ ಹೊಂದಿಕೊಳ್ಳುತ್ತವೆ. ಜಾಗವಿದ್ದವರು ಹುಣಸೆ ಹಾಕಲಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೇ. ಮೂವತ್ತು ನಲವತ್ತು ಸೈಟಿನವರು ಮಾತ್ರ ಆ ಆಸೆ ಬಿಡಬೇಕು.

ಹುಲ್ಲು ಬೇಕೇ ಬೇಕೆನ್ನುವವರು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಒಮ್ಮೆ ಹೋಗಿಬರಲಿ. ಅಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಅಂಗಳದ ಒಂದು ಮೂಲೆಗೆ ಗರಿಕೆ ಹಾಕಿ, ಮಾರ್ಚ್‌ನಿಂದ ಮೇವರೆಗೆ ಅದು ಒಣಗಿದರೆ ಒಣಗಲಿ ಎಂದು ಬಿಟ್ಟುಬಿಡುವ ಧೈರ್ಯ ಇರಬೇಕಷ್ಟೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕೈ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನರ್ಸರಿಯವರು ಜೂನ್‌ನಲ್ಲೇ ಗಿಡ ಮಾರುತ್ತಾರೆ. ಮುಂಗಾರು ಕೈಕೊಟ್ಟರೆ ಆಗಸ್ಟ್‌ವರೆಗೆ ಬಿಂದಿಗೆ ಹೊರಬೇಕಾದೀತು. ಸೆಪ್ಟೆಂಬರ್ ಎರಡನೇ ವಾರ ಉತ್ತರೆ ಮಳೆ ಹುಟ್ಟುವ ಹೊತ್ತಿಗೆ ಗುಂಡಿ ತೆಗೆದು, ಗೊಬ್ಬರ ತುಂಬಿ, ಸಿಪ್ಪೆಯ ಮೂಟೆ ತರಿಸಿಟ್ಟುಕೊಳ್ಳಿ.