ಕಲ್ಲಿನ ಮೇಲಿನ ಸಹಿ ಓದಿದ ಮಾಸ್ತರು

ಬೇಲೂರಿನ ಗುಡಿ ಕಟ್ಟಿಸಿದವರು ಯಾರು ಎಂದು ಕೇಳಿದರೆ ಶಾಲೆಯ ಮಕ್ಕಳೆಲ್ಲ ಒಂದೇ ದನಿಯಲ್ಲಿ 'ವಿಷ್ಣುವರ್ಧನ' ಎನ್ನುತ್ತಾರೆ. ಸರಿ, ಕಟ್ಟಿಸಿದವನು ಅವನು. ಕಟ್ಟಿದವರು ಯಾರು? ಮದನಿಕೆಯರ ಬೆರಳು, ಬಳೆ, ಜಡೆ ಕೊರೆದ ಕೈ ಯಾರದು? ಈ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದ ಇತಿಹಾಸ ಪ್ರಾಧ್ಯಾಪಕರೊಬ್ಬರು ನಮ್ಮ ಧಾರವಾಡದಲ್ಲಿದ್ದರು. ಅವರೇ ಷ. ಶೆಟ್ಟರ್.

ಅವರು ಹುಟ್ಟಿದ್ದು 1935ರಲ್ಲಿ, ಹಗರಿಬೊಮ್ಮನಹಳ್ಳಿ ತಾಲೂಕಿನ ಹಂಪಸಾಗರದಲ್ಲಿ. ನಮ್ಮ ಬೆಳವಣಕಿಯಂಥದೇ ಹಳ್ಳಿ. ಮೈಸೂರು, ಧಾರವಾಡಗಳಲ್ಲಿ ಓದಿ, ಇಂಗ್ಲೆಂಡಿನ ಕೇಂಬ್ರಿಜ್‌ಗೂ ಹೋಗಿ ಬಂದರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹಲವು ದಶಕ ಪಾಠ ಹೇಳಿದರು. 1996ರಿಂದ 1999ರವರೆಗೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಅಧ್ಯಕ್ಷರಾಗಿದ್ದರು. 2020ರ ಫೆಬ್ರವರಿ 28ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ನಾನು ಅವರ ಶಿಷ್ಯನಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅವರ ಬರಹ ನನ್ನನ್ನು ಹಿಡಿದದ್ದು 'ಸಹಿ' ಎಂಬ ಒಂದು ವಿಷಯಕ್ಕೆ. ಚೆಕ್ಕು ಬಂದರೆ ಅದರ ಮೇಲಿನ ಸಹಿಯನ್ನು ಮಾದರಿ ಸಹಿಯ ಜೊತೆ ತಾಳೆ ನೋಡುವುದು ನಮ್ಮ ಕೆಲಸ. ಒಬ್ಬೊಬ್ಬರ ಕೈಗೆ ಒಂದೊಂದು ವಾಲು, ಒಂದೊಂದು ತಿರುವು. ಶೆಟ್ಟರ್ ಸಹಿ ನೋಡಿದ್ದು ಕಲ್ಲಿನ ಮೇಲೆ! ಹೊಯ್ಸಳರ ಶಿಲ್ಪಿಗಳು ತಾವು ಕೆತ್ತಿದ ಮೂರ್ತಿಯ ಪೀಠದಲ್ಲಿ ಹೆಸರು ಕೊರೆಯುತ್ತಿದ್ದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ಹೆಸರು ಬಿಟ್ಟರು. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಇಂಥ ಹೆಸರುಗಳಿಗೆ ಇತಿಹಾಸದಲ್ಲಿ ರಾಜರ ಪಕ್ಕದ ಜಾಗ ಕೊಟ್ಟವರಲ್ಲಿ ಶೆಟ್ಟರ್ ಮುಖ್ಯರು. ಹೊಯ್ಸಳ ಗುಡಿಗಳ ಬಗ್ಗೆ ಅವರು ಬರೆದ ಎರಡು ಸಂಪುಟಗಳ ಇಂಗ್ಲಿಷ್ ಗ್ರಂಥ 1992ರಲ್ಲಿ ಬಂತು.

ಮಕ್ಕಳೇ, ಇನ್ನೂ ಹಳೆಯ ಸಹಿಯೊಂದಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು ಬರೆದವನು ಚಪಡ ಎಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ. ಕೊನೆಗೆ 'ಲಿಪಿಕಾರ' ಎಂಬ ಒಂದು ಮಾತು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ! ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ಗಾಂಧಾರದ ಕಡೆ. ಅಂದರೆ ಆ ನಾಡಿನ ಬರವಣಿಗೆ ಬಲ್ಲವನೊಬ್ಬ 2,200 ವರ್ಷಗಳ ಹಿಂದೆ ನಮ್ಮ ಕನ್ನಡ ನೆಲದ ಬಂಡೆಯ ಮೇಲೆ ಅಕ್ಷರ ಬರೆದಿದ್ದ. ಇಂಥ ಲಿಪಿಕಾರರ ಬದುಕನ್ನೇ ಹಿಡಿದು ಶೆಟ್ಟರ್ 'ಹಳಗನ್ನಡ: ಲಿಪಿ, ಲಿಪಿಕಾರ, ಲಿಪಿ ವ್ಯವಸಾಯ' ಎಂಬ ದೊಡ್ಡ ಪುಸ್ತಕ ಬರೆದರು.

ಇನ್ನು ನನ್ನ ಓರಿಗೆಯ ಅಜ್ಜ-ಅಜ್ಜಿಯರಿಗೆ ಒಂದು ಮಾತು. ನೌಕರಿಯಲ್ಲಿದ್ದಾಗ ಶೆಟ್ಟರ್ ಬರೆದದ್ದು ಬಹುತೇಕ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅವರ ದೊಡ್ಡ ಕೆಲಸ ಶುರುವಾದದ್ದು ನಿವೃತ್ತಿಯ ನಂತರ. 'ಶಂಗಂ ತಮಿಳಗಂ ಮತ್ತು ಕನ್ನಡ ನಾಡು-ನುಡಿ' 2007ರಲ್ಲಿ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಹಳೆಯ ತಮಿಳು ಕಾವ್ಯಗಳಲ್ಲಿ ಕನ್ನಡ ನಾಡಿನ ಸುಳಿವು ಹುಡುಕಿದ ಆ ಪುಸ್ತಕವನ್ನು ಓದುಗರು ಕೊಂಡು ಕೊಂಡು ಓದಿದರು. 'ನಮ್ಮದೆಲ್ಲ ಮುಗೀತು ಬಿಡ್ರಿ' ಎಂದು ಕಟ್ಟೆಯ ಮೇಲೆ ಕೂತು ಹೇಳುವ ನಮಗೆ ಇದೊಂದು ಪಾಠ. ಪಿಂಚಣಿ ಬರುವುದು ನೌಕರಿ ಮುಗಿದುದಕ್ಕೆ, ಬುದ್ಧಿ ಮುಗಿದುದಕ್ಕಲ್ಲ.

ಶೆಟ್ಟರ್ ಓದಿದ್ದು ದೊಡ್ಡ ಗುಡಿಗಳ ಕಲ್ಲುಗಳನ್ನಷ್ಟೇ ಅಲ್ಲ. ಜರ್ಮನಿಯ ವಿದ್ವಾಂಸ ಸೊಂಥೈಮರ್ ಜೊತೆ ಸೇರಿ 1982ರಲ್ಲಿ ಸ್ಮಾರಕ ಶಿಲೆಗಳ ಮೇಲೆ ಒಂದು ಗ್ರಂಥವನ್ನು ಸಂಪಾದಿಸಿದರು. ಸ್ಮಾರಕ ಶಿಲೆ ಎಂದರೆ ವೀರಗಲ್ಲು, ಮಾಸ್ತಿಗಲ್ಲುಗಳಂಥವು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ತುದಿಗೆ ಸೂರ್ಯ-ಚಂದ್ರ. ಊರಿನ ದನ ಕಾಯಲು ಹೋಗಿ ಸತ್ತವನಿಗೂ ಹೀಗೊಂದು ಕಲ್ಲು ನಿಲ್ಲುತ್ತಿತ್ತು.

ಇಂಥ ಕಲ್ಲುಗಳು ನಮ್ಮ ಸೀಮೆಯ ಊರುಗಳಲ್ಲಿ ಅಗಸಿಯ ಬಳಿ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಕಾಣುತ್ತವೆ. ಕೆಲವಕ್ಕೆ ಎಣ್ಣೆಬಣ್ಣ ಬಳಿದು ಅಕ್ಷರ ಮುಚ್ಚುತ್ತೇವೆ, ಕೆಲವನ್ನು ಬಟ್ಟೆ ಒಗೆಯುವ ಹಾಸುಗಲ್ಲು ಮಾಡುತ್ತೇವೆ. ಬ್ಯಾಂಕಿನ ಖಾತೆಪುಸ್ತಕ ಹರಿದರೆ ನಕಲು ಸಿಕ್ಕೀತು. ಈ ಪುಸ್ತಕಕ್ಕೆ ನಕಲಿಲ್ಲ.

ಆದ್ದರಿಂದ ಮಕ್ಕಳೇ, ಬರುವ ರಜೆಯಲ್ಲಿ ಅಜ್ಜನ ಕೈ ಹಿಡಿದುಕೊಂಡು ಸೂಡಿಯ ಜೋಡು ಕಳಸದ ಗುಡಿ ನೋಡಿ ಬನ್ನಿ. ಪಟ್ಟದಕಲ್ಲಿಗೆ ಹೋದರೆ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರಿನ ಜೊತೆಗೆ ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ ಕೇಳಿರಿ. ಅದು ಅಲ್ಲಿಯ ಶಾಸನದಲ್ಲಿದೆ. ನಿಮ್ಮೂರಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಬಣ್ಣ ಹಚ್ಚದಂತೆ, ಉಜ್ಜದಂತೆ ದೊಡ್ಡವರಿಗೆ ಹೇಳಿರಿ. ಫೋಟೋ ತೆಗೆದು ಶಾಲೆಯ ಮಾಸ್ತರಿಗೆ ತೋರಿಸಿರಿ. ಯಾರಿಗೆ ಗೊತ್ತು, ಅದರ ಕೊನೆಯ ಸಾಲಿನಲ್ಲಿ ಯಾವನೋ ಕಲ್ಲುಕುಟಿಗ ತನ್ನ ಹೆಸರು ಬರೆದು, ಓದುವವರಿಗಾಗಿ ಕಾಯುತ್ತಿರಬಹುದು.